ಪೆನ್ಸಿಲಿನಲ್ಲಿ ಬರೆದ ಅಂದಾಜು

ಹೋದ ಭಾನುವಾರ ಪುತ್ತೂರು ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟಲು ನಿಂತಿದ್ದೆ. ರಬ್ಬರ್ ಶೀಟು ಪೇರಿಸಿಕೊಂಡ ಪಿಕಪ್ಪೊಂದು ಬಂದು ಸರಿಯಾಗಿ ನನ್ನ ಮುಂದೆಯೇ ನಿಂತಿತು. ಹೊಗೆಯಲ್ಲಿ ಒಣಗಿಸಿದ ರಬ್ಬರಿನ ವಾಸನೆ ಹುಳಿ, ಹೊಗೆ, ಕೆಟ್ಟ ಹಾಲು ಎಲ್ಲ ಸೇರಿ ಮೂಗಿಗೆ ಹೊಡೆಯುವಂಥದ್ದು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಪಿಕಪ್ಪು ಹೊರಡುವವರೆಗೂ ಅಲ್ಲೇ ನಿಂತಿದ್ದೆ. ತರಕಾರಿಗೆಂದು ಹೊರಟವಳು ಕೈಚೀಲವನ್ನು ಮಡಚಿ ಬ್ಯಾಗಿನೊಳಗೆ ಹಾಕಿ, ಬೆಳ್ಳಾರೆ ದಾರಿಯ ಬಸ್ಸು ಹತ್ತಿದೆ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರೆ ಅದು ಮೂರು ವರ್ಷದ ಹಿಂದಿನ ಬಸ್ಸೇ ಆಗಿತ್ತು.

ಆ ವರ್ಷ ನಾನು ಮಂಗಳೂರಿನ ಒಂದು ಆಸ್ಪತ್ರೆಯ ನರ್ಸು. ಸಂಬಳ ಆಸ್ಪತ್ರೆಯದು, ಕೆಲಸ ಊರೂರು ತಿರುಗುವುದು. ಅಲ್ಲಿ ಹೃದಯದ ವಿಭಾಗದ ಶಶಿಕಲಾ ಡಾಕ್ಟರು, ಎಷ್ಟು ಮಾತ್ರೆ ಕೊಟ್ಟರೂ ಬಿ.ಪಿ. ಇಳಿಯದವರಿಗೆ ಒಂದು ಹೊಸ ಚಿಕಿತ್ಸೆ ಮಾಡುತ್ತಿದ್ದರು. ತೊಡೆಯ ಸಂದಿಯ ರಕ್ತನಾಳದಿಂದ ಕೆತೀಟರ್ ಎಂಬ ತೆಳ್ಳಗಿನ ಕೊಳವೆಯನ್ನು ಒಳಗೆ ಬಿಟ್ಟು, ಕಿಡ್ನಿಗೆ ಹೋಗುವ ರಕ್ತನಾಳದವರೆಗೆ ತಲುಪಿಸಿ, ಅದರ ಸುತ್ತ ಹಬ್ಬಿರುವ ಸಣ್ಣ ನರಗಳಿಗೆ ಬಿಸಿ ಕೊಟ್ಟು ಅವನ್ನು ಸುಮ್ಮನಾಗಿಸುವುದು. ಹೊಟ್ಟೆ ಕೊಯ್ಯುವುದಿಲ್ಲ, ಎರಡು ಮೂರು ದಿನದಲ್ಲಿ ಮನೆಗೆ ಹೋಗಬಹುದು.

"ಕೆಲವರಿಗೆ ತುಂಬಾ ಒಳ್ಳೇದಾಗ್ತದೆ ಸವಿತಾ. ಕೆಲವರಿಗೆ ಎಂತದೂ ಆಗುದಿಲ್ಲ," ಎಂದಿದ್ದರು ಡಾಕ್ಟರು ಮೊದಲ ದಿನವೇ. "ಯಾರಿಗೆ ಆಗ್ತದೆ ಅಂತ ಮೊದಲೇ ಗೊತ್ತಾಗ್ಬೇಕು. ಅದಕ್ಕೇ ನಿನ್ನನ್ನು ಕಳಿಸುದು."

ನನ್ನ ಕೆಲಸ ಹೀಗಿತ್ತು. ಪುತ್ತೂರಿನಲ್ಲಿ ಒಂದು ರೂಮು ಮಾಡಿಕೊಂಡು ಸುಳ್ಯ, ಕಡಬದ ಕಡೆಯ ರೋಗಿಗಳ ಮನೆಗೆ ಹೋಗಬೇಕು. ಇಪ್ಪತ್ತನಾಲ್ಕು ಗಂಟೆಯ ಬಿ.ಪಿ. ಮಿಷನನ್ನು ತೋಳಿಗೆ ಕಟ್ಟಬೇಕು. ಅದು ಅರ್ಧ ಗಂಟೆಗೊಮ್ಮೆ ತಾನಾಗಿ ಬಿಗಿದು, ಬಿಟ್ಟು, ಅಂಕಿಯನ್ನು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಆಸ್ಪತ್ರೆಯ ಗಾಬರಿಗೆ ಏರುವ ಬಿ.ಪಿ. ಯಾರದು, ಮನೆಯಲ್ಲೂ ಏರಿಯೇ ಇರುವುದು ಯಾರದು ಎಂದು ಅದರಿಂದ ತಿಳಿಯುತ್ತದೆ. ಇನ್ನೊಂದು ಕೆಲಸ, ಮಾತ್ರೆಗಳನ್ನು ರೋಗಿ ನಿಜವಾಗಿ ನುಂಗುತ್ತಾರೋ ಎಂದು ಕಣ್ಣಾರೆ ನೋಡುವುದು. ನುಂಗದವರಿಗೆ ಕೆತೀಟರ್ ಹಾಕಿ ಏನು ಪ್ರಯೋಜನ?

ನನ್ನ ಪುಸ್ತಕದ ಕೊನೆಯ ಕಾಲಮ್ಮಿನ ಮೇಲೆ ಡಾಕ್ಟರು ತಾವೇ 'ಅಂದಾಜು' ಎಂದು ಬರೆದಿದ್ದರು.

"ಮೊದಲ ಸಲ ನೋಡಿದ ಕೂಡ್ಲೆ ನಿನಗೆ ಎಂತ ಅನ್ನಿಸ್ತದೆ, ಅದನ್ನು ಬರಿ. ಪೆನ್ಸಿಲಿನಲ್ಲಿ ಬರಿ," ಎಂದು ನಕ್ಕಿದ್ದರು.

ದೀಪಾವಳಿ ಕಳೆದ ವಾರ ನಾನು ಇಬ್ಬರ ಹೆಸರಿನ ಮುಂದೆ ಅಂದಾಜು ಬರೆದೆ. ಮೊದಲನೆಯವರು ಆಲಂಕಾರಿನ ನಾರಾಯಣ ಮಾಸ್ಟ್ರು. ರಿಟೈರಾದ ಹೆಡ್‌ಮಾಸ್ಟ್ರು, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಒಳ್ಳೆಯ ಮಾತುಗಾರರೆಂದು ಕಡಬದವರೆಗೆ ಹೆಸರು. ಐದು ಬಗೆಯ ಮಾತ್ರೆಗಳನ್ನು ವಾರದ ಡಬ್ಬಿಯಲ್ಲಿ ಹೊತ್ತು ಹೊತ್ತಿಗೆ ಬೇರೆ ಮಾಡಿಟ್ಟಿದ್ದರು. ಗೋಡೆಯ ಮೇಲೆ ಬಿ.ಪಿ.ಯ ಚಾರ್ಟು, ಅದರ ಕೆಳಗೆ ದಾರ ಕಟ್ಟಿದ ಪೆನ್ನು. 'ಖಂಡಿತ ಪ್ರಯೋಜನ ಆಗುವವರು' ಎಂದು ಬರೆದೆ.

ಎರಡನೆಯವರು ಐವರ್ನಾಡಿನ ಲಲಿತಕ್ಕ. ನಲವತ್ತೈದು ವರ್ಷ, ಮದುವೆಯಾಗಿರಲಿಲ್ಲ. ಮನೆಯ ಹಿಂದಿನ ಗುಡ್ಡದಲ್ಲಿ ತಮ್ಮದೇ ಇನ್ನೂರು ಚಿಲ್ಲರೆ ರಬ್ಬರ್ ಮರ, ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗೂ ತಾವೇ. ಒಳಗಿನ ಮಂಚದಲ್ಲಿ ಅವರ ತಾಯಿ. ನಲವತ್ತಾರನೇ ವಯಸ್ಸಿಗೆ ಬಿ.ಪಿ. ಏರಿ, ಪೇಟೆಯ ರಸ್ತೆಯಲ್ಲೇ ಬಿದ್ದು, ಒಂದು ಪಕ್ಕವೂ ಮಾತೂ ಹೋಗಿ, ಇಪ್ಪತ್ತಮೂರು ವರ್ಷದಿಂದ ಹಾಗೇ ಮಲಗಿದ್ದವರು. ಲಲಿತಕ್ಕನ ಮಾತ್ರೆಗಳು ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಬೆರೆತು ಬಿದ್ದಿದ್ದವು. ಯಾವುದು ಯಾವುದಕ್ಕೆ ಎಂದು ಕೇಳಿದರೆ, "ಬಿಳಿದು ಎರಡು, ಹಳದಿದು ಒಂದು, ಗುಲಾಬಿದು ಒಂದು, ಸಣ್ಣದು ಒಂದು" ಎಂದರು. ತೋಳಿಗೆ ಪಟ್ಟಿ ಕಟ್ಟಿ ನೋಡಿದೆ. ನೂರ ತೊಂಬತ್ತೆಂಟು. 'ಮಾತ್ರೆ ಸರಿಯಾಗಿ ನುಂಗುವುದಿಲ್ಲ' ಎಂದು ಬರೆದುಕೊಂಡು ಎದ್ದೆ.

ಮುಂದಿನ ವಾರ ಏಳೂ ದಿನ ಬೆಳಿಗ್ಗೆ ಅವರ ಮನೆಗೆ ಹೋಗಬೇಕಾಯಿತು. ಮೊದಲ ಬಸ್ಸಿನಲ್ಲಿ ಇಳಿದರೆ ಮಂಜು ನೆಲಕ್ಕೆ ಇಳಿದಿರುತ್ತಿತ್ತು. ರಬ್ಬರ್ ತೋಟ ಒಂದು ವಿಚಿತ್ರ ಜಾಗ. ಎಲ್ಲ ಮರಗಳೂ ಒಂದೇ ಕಡೆಗೆ ಸ್ವಲ್ಪ ವಾಲಿ, ಸಾಲು ಸಾಲಾಗಿ ಮಂಜಿನೊಳಗೆ ಹೋಗಿ ಕಾಣೆಯಾಗುತ್ತವೆ. ಹಕ್ಕಿಯ ಸದ್ದೂ ಕಡಿಮೆ. ಮರಕ್ಕೆ ಕಟ್ಟಿದ ಕಪ್ಪಿನೊಳಗೆ ಹಾಲು ತೊಟ್ಟಿಕ್ಕುವುದು ಕಿವಿಗಿಂತ ಮೊದಲು ಮೈಗೆ ಗೊತ್ತಾಗುವಂತೆ ಇರುತ್ತಿತ್ತು. ಆ ಸಾಲುಗಳ ನಡುವಿನಿಂದ ಲಲಿತಕ್ಕ ಬಕೆಟ್ಟು ಹಿಡಿದು ಇಳಿದು ಬಂದು, ಕೈ ತೊಳೆದು, ನನ್ನ ಎದುರು ಕೂತು, ಐದೂ ಮಾತ್ರೆ ನುಂಗುತ್ತಿದ್ದರು. ನಾನು ಅಲ್ಲೇ ಕೂತು ನಾಲ್ಕು ಗಂಟೆ ಬಿ.ಪಿ. ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ. ಮೂರನೇ ದಿನವೂ ನೂರ ತೊಂಬತ್ತು. ನಾಲ್ಕನೇ ದಿನವೂ ಹಾಗೇ.

ಐದನೇ ದಿನ ನಾನು ಹೇಳಿದೆ, "ಲಲಿತಕ್ಕ, ಒಮ್ಮೆ ಬಾಯಿ ತೆರೀರಿ. ನಾಲಿಗೆ ಎತ್ತಿ."

ಅವರಿಗೆ ತಟ್ಟನೆ ಅರ್ಥವಾಗಲಿಲ್ಲ. ಆದ ಮೇಲೆ ಮುಖ ಕೆಂಪಾಯಿತು.

"ನಾನು ಮಾತ್ರೆ ಅಡಗಿಸಿ ಇಡುದು ಅಂತ ನಿಮಗೆ?"

"ಡಾಕ್ಟ್ರು ನೋಡ್ಲಿಕ್ಕೆ ಹೇಳಿದ್ದಾರೆ," ಎಂದೆ. ಅದು ಸುಳ್ಳು. ಡಾಕ್ಟರು ಹಾಗೆ ಹೇಳಿರಲಿಲ್ಲ.

ಲಲಿತಕ್ಕ ಬಾಯಿ ತೆರೆದರು. ನಾಲಿಗೆ ಎತ್ತಿದರು. ಟಾರ್ಚು ಬಿಟ್ಟು ನೋಡಿದೆ. ಏನೂ ಇರಲಿಲ್ಲ. ಮಂಚದ ಮೇಲಿನ ತಾಯಿ ನಮ್ಮನ್ನೇ ನೋಡುತ್ತಿದ್ದರು. ಗಂಟಲಿನಿಂದ ಒಂದು ಸ್ವರ ಬಂತು.

"ಎಂತದೂ ಆಕಿಲೆ ಅವ್ವ," ಎಂದು ಲಲಿತಕ್ಕ ತಮ್ಮ ಅರೆಭಾಷೆಯಲ್ಲಿ ತಾಯಿಗೆ ಹೇಳಿದರು. ಏನೂ ಆಗುವುದಿಲ್ಲ ಅಮ್ಮ, ಎಂದು. ಆಮೇಲೆ ನನ್ನ ಕಡೆ ತಿರುಗದೆ ಎದ್ದು ಶೀಟು ಒತ್ತುವ ಮಿಷನಿನ ಹತ್ತಿರ ಹೋದರು.

ಏಳನೇ ದಿನ ತೋಳಿಗೆ ಮಿಷನ್ ಕಟ್ಟಿದೆ. ಅದು ಬಿಗಿಯುವಾಗ ಕೈ ಅಲುಗಿಸಬಾರದು. ಆ ಬೆಳಿಗ್ಗೆ ಗುಡ್ಡದ ಕೆಳಗಿನಿಂದ ನಾನು ನೋಡುತ್ತಿದ್ದೆ. ಮರದಿಂದ ಮರಕ್ಕೆ ಹೋಗುತ್ತಿದ್ದ ಲಲಿತಕ್ಕ ಇದ್ದಕ್ಕಿದ್ದಂತೆ ನಿಲ್ಲುತ್ತಿದ್ದರು. ಎಡಗೈ ಇಳಿಬಿಟ್ಟು, ಚಾಕು ಹಿಡಿದ ಬಲಗೈಯನ್ನೂ ಇಳಿಸಿ, ಮಂಜಿನಲ್ಲಿ ಇನ್ನೊಂದು ಮರದಂತೆ ನಿಲ್ಲುತ್ತಿದ್ದರು. ಪಟ್ಟಿ ಸಡಿಲವಾದ ಮೇಲೆ ಮತ್ತೆ ನಡೆಯುತ್ತಿದ್ದರು. ಮರುದಿನ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರೆ ಹಗಲೂ ಏರು, ನಿದ್ದೆಯಲ್ಲೂ ಏರು. ನಾಡಿ ಬಡಿತ ಮಲಗಿದಾಗಲೂ ಓಡುವವರದ್ದು.

ಅಷ್ಟಾದರೂ ನಾನು ಪುಸ್ತಕದ ಅಂದಾಜನ್ನು ಅಳಿಸಲಿಲ್ಲ. ಹೇಗೋ ಮೋಸ ಮಾಡುತ್ತಿದ್ದಾರೆ ಎಂದೇ ನನಗಿತ್ತು.

ಅದರ ಮುಂದಿನ ಸೋಮವಾರ ಆಲಂಕಾರಿಗೆ ಹೋದೆ. "ಮಾತ್ರೆ ನುಂಗಿಸಿ ಓಡಿ ಬರ್ಬೇಡ. ನಾಲ್ಕು ಗಂಟೆ ಅಲ್ಲೇ ಕೂತಿರು," ಎಂದು ಡಾಕ್ಟರು ಎಲ್ಲರ ವಿಷಯದಲ್ಲೂ ಹೇಳಿದ್ದರು. ಮಾಸ್ಟ್ರು ನಗುನಗುತ್ತಾ ಐದು ಮಾತ್ರೆಗಳನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ ನುಂಗಿದರು. ಅವರ ಮನೆಯವರು ನೀರುದೋಸೆ ಕೊಟ್ಟರು. ಒಂದೂವರೆ ಗಂಟೆ ಕಳೆಯಿತು. ಹತ್ತೂವರೆಗೆ ಒಂದು ಬಸ್ಸಿತ್ತು, ಅದು ಹೋದರೆ ಮತ್ತೆ ಮಧ್ಯಾಹ್ನಕ್ಕೇ. ಮಾಸ್ಟ್ರ ಹತ್ತಿರ ಇಷ್ಟು ಹೊತ್ತು ಕಾಯುವುದು ಅವರಿಗೆ ಅವಮಾನ ಮಾಡಿದಂತೆ ಅನ್ನಿಸಿತು. ಬ್ಯಾಗು ಹೆಗಲಿಗೆ ಹಾಕಿದೆ.

"ಹೊರಟಿರಾ ಸಿಸ್ಟರ್? ಗೇಟಿನವರೆಗೆ ಬರ್ತೇನೆ," ಎಂದು ಅವರೂ ಎದ್ದರು.

ಗೇಟಿನ ಹತ್ತಿರ ಅವರ ಮಾತು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದರೆ ಮುಖ ಸುಣ್ಣದಂತೆ ಬಿಳಿಚಿತ್ತು, ಹಣೆಯಲ್ಲಿ ಬೆವರು. ಕಂಬ ಹಿಡಿಯಲು ಚಾಚಿದ ಕೈ ಕಂಬಕ್ಕೆ ಸಿಗಲಿಲ್ಲ. ನಾನು ಬ್ಯಾಗು ಬಿಸಾಡಿ ಅವರ ಸೊಂಟ ತಬ್ಬಿ ಹಿಡಿದೆ. ಇಬ್ಬರೂ ಒಟ್ಟಿಗೆ ಅಂಗಳಕ್ಕೆ ಕುಸಿದೆವು. ಮಲಗಿಸಿ, ಕಾಲುಗಳನ್ನು ಗೇಟಿನ ಮೆಟ್ಟಿಲ ಮೇಲೆ ಎತ್ತಿಟ್ಟು ಬಿ.ಪಿ. ನೋಡಿದೆ. ಮೇಲಿನ ಅಂಕಿ ಎಂಬತ್ತೆರಡು. ಡಾಕ್ಟರಿಗೆ ಫೋನು ಮಾಡಿದೆ. ಅವರು ಹೇಳಿದಂತೆ ಸಲೈನ್ ಹಾಕಿಸಲು ಹತ್ತಿರದ ಕ್ಲಿನಿಕ್ಕಿಗೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆವು. ಮಧ್ಯಾಹ್ನದ ಹೊತ್ತಿಗೆ ಅಂಕಿ ನೂರ ಹತ್ತಕ್ಕೆ ಬಂತು, ಮುಖಕ್ಕೆ ಬಣ್ಣವೂ ಬಂತು. ಹೆಂಡತಿ ನೀರು ತರಲು ಹೋದಾಗ ಮಾಸ್ಟ್ರು ನನ್ನನ್ನು ಹತ್ತಿರ ಕರೆದರು.

"ನಿಮ್ಮ ಎದುರು ನುಂಗಿದ್ದೇ ಎಷ್ಟೋ ತಿಂಗಳ ನಂತರ ಮೊದಲ ಸಲ," ಎಂದರು. ಕಣ್ಣು ಛಾವಣಿಯ ಕಡೆಗಿತ್ತು. ಅಭ್ಯಾಸ ತಪ್ಪಿದ ಮೈಗೆ ಐದೂ ಒಟ್ಟಿಗೆ ಬಿದ್ದು ಬಿ.ಪಿ. ಕುಸಿದಿತ್ತು. "ಆ ನೀರಿನ ಮಾತ್ರೆ ತಗೊಂಡ್ರೆ ಅರ್ಥ ಹೇಳ್ತಾ ಇರುವಾಗಲೇ ಏಳ್ಬೇಕಾಗ್ತದೆ. ಸಭೆ ಕೂತಿರ್ತದೆ, ಎದುರಿನವರು ಪ್ರಶ್ನೆ ಹಾಕಿ ಕಾಯ್ತಾ ಇರ್ತಾರೆ, ನಾನು ಮೂತ್ರಕ್ಕೆ ಓಡುದು. ಇನ್ನೊಂದು ತಗೊಂಡ್ರೆ ಮಾತೇ ಹೊಳೆಯುದಿಲ್ಲ. ಒಂದೊಂದೇ ಬಿಟ್ಟೆ. ಆ ವಯರು ಹಾಕಿಸಿಕೊಂಡ್ರೆ ಮಾತ್ರೆಯೇ ಬೇಡ ಅಂತ ಎಣಿಸಿದ್ದೆ."

"ಮಾತ್ರೆ ಆಮೇಲೂ ಬೇಕು ಮಾಸ್ಟ್ರೆ."

"ಈಗ ಗೊತ್ತಾಯ್ತು," ಎಂದು ಕಣ್ಣು ಮುಚ್ಚಿಕೊಂಡರು.

ಸಂಜೆಯ ಬಸ್ಸಿನಲ್ಲಿ ಕೂತು ನಡೆದದ್ದನ್ನೆಲ್ಲ ಪುಸ್ತಕದಲ್ಲಿ ಬರೆದೆ, ಹತ್ತೂವರೆಗೆ ಬ್ಯಾಗು ಹೆಗಲಿಗೆ ಹಾಕಿದ್ದನ್ನೂ ಬಿಡಲಿಲ್ಲ. ಇಬ್ಬರ ಎದುರಿನ ಅಂದಾಜನ್ನೂ ಉಜ್ಜಿ ತೆಗೆದೆ. ಎರಡೂ ಕಡೆ ಕಾಗದ ಬೂದಿಬಣ್ಣಕ್ಕೆ ತಿರುಗಿತು. ಗೋಡೆಯ ಚಾರ್ಟು ನೋಡಿ ಒಬ್ಬರನ್ನು ನಂಬಿದ್ದೆ. ಬಿಸ್ಕತ್ತಿನ ಡಬ್ಬಿ ನೋಡಿ ಇನ್ನೊಬ್ಬರ ಬಾಯಿ ತೆರೆಸಿದ್ದೆ. ಉಪ್ಪಿನಂಗಡಿಯ ಹೊಳೆ ದಾಟುವಾಗ ಮುಖಕ್ಕೆ ಗಾಳಿ ಹೊಡೆಯಿತು. ಕಣ್ಣಿನ ನೀರು ಅದರಿಂದಲೇ ಎಂದು ಪಕ್ಕದವರು ತಿಳಿದಿರಬೇಕು.

ಮರುದಿನ ಹೇಳಿ ಕಳಿಸದೆಯೇ ಐವರ್ನಾಡಿಗೆ ಹೋದೆ. ಲಲಿತಕ್ಕ ಹೊಗೆಗೂಡಿನಲ್ಲಿ ಶೀಟು ನೇತುಹಾಕುತ್ತಿದ್ದರು.

"ಬಾಯಿ ತೆರೀಬೇಕಾ?" ಎಂದು ಕೇಳಿದರು.

"ಬೇಡ ಲಲಿತಕ್ಕ. ಡಾಕ್ಟ್ರು ಹಾಗೆ ಹೇಳಿರಲಿಲ್ಲ. ನಾನೇ ಹೇಳಿದ್ದು. ತಪ್ಪಾಯ್ತು."

ಅವರು ಕೈಯಲ್ಲಿದ್ದ ಶೀಟನ್ನು ಕೋಲಿಗೆ ಹಾಕಿ, ಅಂಚು ಸರಿಮಾಡಿ, ಇನ್ನೊಂದು ತೆಗೆದುಕೊಂಡರು. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು. ಆದರೂ ನಿಂತೇ ಇದ್ದೆ. ಮತ್ತೊಂದನ್ನು ಎತ್ತಿ, "ಆ ಕಡೆಯ ತುದಿ ಹಿಡೀರಿ," ಎಂದರು. ಹಿಡಿದೆ. ಗೂಡು ತುಂಬುವವರೆಗೆ ಇಬ್ಬರೂ ಶೀಟು ಹಾಕಿದೆವು.

ಲಲಿತಕ್ಕನ ಉಳಿದ ಪರೀಕ್ಷೆಗಳಾದವು. ರಕ್ತದಲ್ಲಿ, ಕಿಡ್ನಿಯಲ್ಲಿ, ಗ್ರಂಥಿಗಳಲ್ಲಿ ಬೇರೆ ಕಾರಣ ಸಿಗಲಿಲ್ಲ. ಬಿ.ಪಿ. ಏರಿಸುವ ನೋವಿನ ಮಾತ್ರೆಯ ಅಭ್ಯಾಸವೂ ಅವರಿಗಿರಲಿಲ್ಲ. ಶಶಿಕಲಾ ಡಾಕ್ಟರು ರಿಪೋರ್ಟುಗಳನ್ನು ಮೇಜಿನ ಮೇಲೆ ಹರಡಿದರು.

"ಪ್ರಾಯ ಕಮ್ಮಿ. ರಕ್ತನಾಳ ಇನ್ನೂ ಗಟ್ಟಿ ಆಗಲಿಲ್ಲ. ಬಡಿತ ಜೋರುಂಟು, ನಿದ್ದೆಯಲ್ಲೂ ಇಳಿಯುದಿಲ್ಲ. ಆ ನರಗಳೇ ಇದನ್ನು ಮಾಡಿಸುದು ಅಂತ ಕಾಣ್ತದೆ. ಇಂಥವರಿಗೆ ಹಿಡಿಯುವ ಸಾಧ್ಯತೆ ಜಾಸ್ತಿ."

"ಖಂಡಿತ ಹಿಡೀತದಾ ಡಾಕ್ಟ್ರೇ?"

"ಖಂಡಿತ ಅಂತ ನಾನು ಯಾವತ್ತಾದ್ರೂ ಹೇಳಿದ್ದೇನಾ?"

ಲಲಿತಕ್ಕ ಒಪ್ಪಿದರು. ಆದರೆ ಮೂರು ದಿನ ತಾಯಿಯನ್ನು ನೋಡಿಕೊಳ್ಳುವವರು ಯಾರು? ನಾನಿರುತ್ತೇನೆ ಎಂದೆ. ಅವರು ಅವ್ವನ ಗಂಜಿಗೆ ಉಪ್ಪು ಎಷ್ಟು, ಯಾವ ಪಕ್ಕಕ್ಕೆ ಹೊರಳಿಸಬೇಕು, ಬೆನ್ನಿಗೆ ಯಾವ ಪೌಡರು, ಎಲ್ಲ ಹೇಳಿ ಹೋದರು.

ಆ ಮೂರು ಹಗಲುಗಳು ನನಗೆ ಈಗಲೂ ಕನಸಿನಲ್ಲಿ ನಡೆದಂತೆ ಇವೆ. ಡಿಸೆಂಬರ್ ಮುಗಿಯುತ್ತಾ ಬಂದಿತ್ತು. ರಬ್ಬರ್ ಎಲೆಗಳು ಹಳದಿಯಾಗಿ, ಕೆಂಪಾಗಿ, ಉದುರಲು ಸುರುವಾಗಿದ್ದವು. ಗಾಳಿ ಇಲ್ಲದೆಯೇ ಉದುರುತ್ತಿದ್ದವು. ಮಧ್ಯಾಹ್ನದ ಹೊತ್ತು ಮಂಚದ ಪಕ್ಕ ಕೂತರೆ ಹೆಂಚಿನ ಮೇಲೆ ಎಲೆ ಬೀಳುವ ಸದ್ದು, ಮತ್ತೆ ಇನ್ನೊಂದು, ಮತ್ತೆ ಬಹಳ ಹೊತ್ತು ಏನೂ ಇಲ್ಲ. ಗುಡ್ಡದ ನೆತ್ತಿ ದಿನದಿಂದ ದಿನಕ್ಕೆ ಬಯಲಾಗಿ, ಇಲ್ಲದಿದ್ದ ಬೆಳಕು ಮನೆಯೊಳಗೆ ಬರತೊಡಗಿತ್ತು. ಅವ್ವ ನನ್ನ ಕೈಯನ್ನು ತಮ್ಮ ಸರಿಯಿದ್ದ ಕೈಯಿಂದ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗೂ ಮಾತು ಬೇಡವಾಗಿತ್ತು. ಎರಡನೇ ದಿನ ಊಟದ ಹೊತ್ತಿಗೆ ಡಾಕ್ಟರ ಫೋನು ಬಂತು. "ಎಲ್ಲ ಸರಿಯಾಗಿ ಆಯ್ತು," ಎಂದರು. ಅವ್ವನಿಗೆ ಕಿವಿಯ ಹತ್ತಿರ ಬಗ್ಗಿ ಹೇಳಿದೆ. ಅವರ ಹಿಡಿತ ಸ್ವಲ್ಪ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ನಿದ್ದೆ ಹೋದರು.

ಲಲಿತಕ್ಕ ಕುಂಟುತ್ತಾ ಮನೆಗೆ ಬಂದರು. ಹೇಗಿತ್ತು ಎಂದು ಕೇಳಿದೆ.

"ತೊಡೆಯಲ್ಲಿ ಸೂಜಿ ಚುಚ್ಚಿದ್ದು ಗೊತ್ತಾಯ್ತು. ಮತ್ತೆ ಸೊಂಟದ ಒಳಗೆ ಕೆಂಡ ಇಟ್ಟ ಹಾಗೆ. ಮದ್ದು ಕೊಟ್ರು, ಅರೆ ನಿದ್ದೆ. ಕೆಂಡ ಉಂಟು, ಆದ್ರೆ ಅದು ನನ್ನ ಸೊಂಟ ಅಲ್ಲ ಅಂತ ಆಗ್ತಾ ಇತ್ತು." ಮತ್ತೆ ಕೇಳಿದರು, "ಇದು ನನಗೆ ಹಿಡೀತದಾ ಸಿಸ್ಟರ್?"

"ಗೊತ್ತಿಲ್ಲ ಲಲಿತಕ್ಕ."

"ಹಾಂ. ಹಾಗೆ ಹೇಳಿ."

ಒಂದು ತಿಂಗಳಿಗೆ ಮಿಷನ್ ಕಟ್ಟಿದೆ. ತೋಟದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಬರಿಯ ಕೊಂಬೆಗಳು, ನೆಲದಲ್ಲಿ ಪಾದ ಮುಚ್ಚುವಷ್ಟು ದರಗು. ಅಂಕಿ ಮೊದಲಿನಂತೆಯೇ ಇತ್ತು. ಒಂದೆರಡು ಕಡಿಮೆ, ಅದೂ ಲೆಕ್ಕಕ್ಕಿಲ್ಲದ್ದು. ನಾನು ಮಿಷನಿನ ವಯರು ಸುತ್ತುತ್ತಾ ಕೂತೆ.

"ಇಳಿಯಲಿಲ್ಲ ಅಲ್ವಾ?" ಎಂದರು ಲಲಿತಕ್ಕ. "ನಿಮ್ಮ ಮುಖವೇ ಹೇಳ್ತದೆ ಮಾರಾಯ್ರೆ. ಚಾ ಕುಡೀರಿ."

"ಕೆಲವರಿಗೆ ನಿಧಾನಕ್ಕೆ ಇಳಿಯುದುಂಟಂತೆ."

"ಇಳಿಯದಿದ್ರೆ ಇಳಿಯುದಿಲ್ಲ. ಅವ್ವನನ್ನು ಯಾರು ನೋಡುದು ಅಂತ ಒಂದೇ ಚಿಂತೆ ನನಗೆ. ಒಂದು ಮನೆಯಲ್ಲಿ ಎರಡು ಮಂಚ ಆಗ್ಬಾರ್ದು." ಅಷ್ಟು ಹೇಳಿ ಅವರು ಒಳಗೆ ಹೋದರು. ಅದೊಂದೇ ಸಲ ಅವರ ಭಯವನ್ನು ನಾನು ಕಿವಿಯಾರೆ ಕೇಳಿದ್ದು.

ಅದೇ ವಾರ ಕಲ್ಲುಗುಂಡಿಯ ಒಬ್ಬ ಹೋಟೆಲಿನವರ, ಇದೇ ಚಿಕಿತ್ಸೆಯಾದ ಮೇಲಿನ ಆರು ತಿಂಗಳ ರಿಪೋರ್ಟು ಬಂತು. ಲಲಿತಕ್ಕನದ್ದೇ ಪ್ರಾಯ, ಹಾಗೇ ಓಡುವ ನಾಡಿ, ಹಾಗೇ ಪ್ರಾಮಾಣಿಕ ಮನುಷ್ಯ. ಅವರಿಗೆ ಹಿಡಿದಿರಲಿಲ್ಲ. ಯಾಕೆ ಎಂದು ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ಗೊತ್ತಿದ್ರೆ ಅವರಿಗೆ ಮೊದಲೇ ಹೇಳ್ತಿದ್ದೆ," ಎಂದರು.

ಮಾಸ್ಟ್ರಿಗೆ ಮಾತ್ರ ಸುಲಭದಲ್ಲಿ ಆಯಿತು. ಮಾತ್ರೆಗಳನ್ನು ಕಡಿಮೆಯಲ್ಲಿ ಸುರುಮಾಡಿ, ಮಂಕು ಬರಿಸುವುದನ್ನು ಬದಲಿಸಿ, ನೀರಿನ ಮಾತ್ರೆಯನ್ನು ಬೆಳಿಗ್ಗೆಗೆ ಹಾಕಿ ಡಾಕ್ಟರು ಕೊಟ್ಟರು. ಮಾಸ್ಟ್ರು ನಿಯತ್ತಾಗಿ ನುಂಗಿದರು, ಬಿ.ಪಿ. ಇಳಿಯಿತು. ಕೆತೀಟರ್ ಬೇಕಾಗಲೇ ಇಲ್ಲ. ಇಷ್ಟು ಸಣ್ಣ ವಿಷಯವನ್ನು ಯಾರ ಹತ್ತಿರವೂ ಹೇಳಲಿಕ್ಕೆ ನಾಚಿಕೆಯಾಗಿ ತಿಂಗಳುಗಟ್ಟಲೆ ಸಭೆಯಲ್ಲಿ ಪ್ರಾಣ ಒತ್ತೆಯಿಟ್ಟು ಕೂತಿದ್ದರಲ್ಲ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು.

ಮೂರು ತಿಂಗಳಾಯಿತು. ಮಾರ್ಚ್ ಕೊನೆ. ರಬ್ಬರಿಗೆ ತಾಮ್ರದ ಬಣ್ಣದ ಚಿಗುರು ಬಂದು, ಹಸುರಾಗಿ, ಸಣ್ಣ ಹಳದಿ ಹೂ ಬಿಟ್ಟಿತ್ತು. ಗುಡ್ಡ ಪೂರ್ತಿ ಜೇನಿನ ಗುಂಯ್‌ ಸದ್ದು. ನನ್ನ ಕೆಲಸದ ಅವಧಿಯೂ ಆ ವಾರಕ್ಕೆ ಮುಗಿಯುವುದಿತ್ತು. ಮಿಷನ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿ ಅಲ್ಲೇ ಜಗಲಿಯಲ್ಲಿ ತೆರೆದೆ. ಹಗಲಿನದು ನೂರ ನಲವತ್ತೈದರ ಆಸುಪಾಸು. ನಿದ್ದೆಯದು ಇನ್ನೂ ಕೆಳಗೆ. ನಾಡಿ ಶಾಂತ. ಎರಡು ಸಲ ನೋಡಿದೆ.

"ಲಲಿತಕ್ಕ, ಇಳಿದಿದೆ!"

ಅವರು ಕುಣಿಯಲಿಲ್ಲ, ಕೈ ಮುಗಿಯಲಿಲ್ಲ. ಪರದೆಯ ಮೇಲಿನ ಗೆರೆಯನ್ನು ಬಗ್ಗಿ ನೋಡಿದರು.

"ಇದು ಸುಳ್ಳು ಹೇಳುದಿಲ್ಲ ಅಂತ ಹೇಗೆ ಗೊತ್ತು?" ಎಂದರು. "ಇವತ್ತೂ ಕಟ್ಟಿ. ನಾಳೆ ನೋಡುವ."

ಕಟ್ಟಿದೆ. ಮರುದಿನವೂ ಹಾಗೇ ಬಂತು. ಆಗ ಅವರು ಒಳಗೆ ಹೋಗಿ ಅವ್ವನ ಮಂಚದ ಅಂಚಿನಲ್ಲಿ ಕೂತರು. ಅವ್ವ ಸರಿಯಿದ್ದ ಕೈಯೆತ್ತಿ ಮಗಳ ತೋಳಿನಲ್ಲಿ ಪಟ್ಟಿ ಬಿಗಿದು ಕೆಂಪಾದ ಜಾಗವನ್ನು ಮೆಲ್ಲಗೆ ಉಜ್ಜಿದರು. ನಾನು ಹೊರಗೆ ಬಂದು ಹೂವಿನ ಕೆಳಗೆ ನಿಂತೆ.

ಆಮೇಲೆ ನಾನು ಪುತ್ತೂರಿನಲ್ಲೇ ಕೆಲಸಕ್ಕೆ ಸೇರಿದೆ. ಫೋನಿನಲ್ಲಿ ಮಾತಾಡುತ್ತಿದ್ದೆವು, ಆ ಕಡೆ ಹೋಗಲು ಆಗಿರಲಿಲ್ಲ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅವ್ವ ನಿದ್ದೆಯಲ್ಲೇ ಹೋದರು ಎಂದು ತಿಳಿಸಿದ್ದರು.

ಹೋದ ಭಾನುವಾರ ಅಂಗಳಕ್ಕೆ ಕಾಲಿಟ್ಟಾಗ ಲಲಿತಕ್ಕನಿಗೆ ನನ್ನನ್ನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಐದು ಮಾತ್ರೆ ಈಗ ಮೂರಾಗಿದೆ, ಬಿ.ಪಿ. ಅಲ್ಲೇ ನಿಂತಿದೆ, ಆರು ತಿಂಗಳಿಗೊಮ್ಮೆ ಡಾಕ್ಟರಲ್ಲಿಗೆ ಹೋಗುತ್ತಾರೆ. ಊಟ ಮಾಡಿಸದೆ ಬಿಡಲಿಲ್ಲ. ಹೊರಡುವಾಗ, "ಬಸ್ಸಿಗೆ ಕಾಯುದು ಬೇಡ, ಸುಳ್ಯಕ್ಕೆ ನಾನೇ ಬಿಡ್ತೇನೆ. ಅಲ್ಲಿಂದ ಪುತ್ತೂರಿಗೆ ಬೇಕಾದಷ್ಟು ಬಸ್ಸುಂಟು," ಎಂದು ಕೊಟ್ಟಿಗೆಯ ಹಿಂದಿನಿಂದ ಒಂದು ನೀಲಿ ಸ್ಕೂಟರು ತಳ್ಳಿಕೊಂಡು ಬಂದರು.

"ಇದು ಯಾವಾಗ ಕಲಿತದ್ದು?"

"ಹೋದ ದೀಪಾವಳಿಗೆ. ಪ್ರಾಯ ಇರುವಾಗ ಕಲಿಯುವ ಧೈರ್ಯ ಆಗಲಿಲ್ಲ. ಅವ್ವನ ಹಾಗೆ ರಸ್ತೆಯಲ್ಲಿ ಬಿದ್ರೆ ಅಂತ. ನಲವತ್ತೇಳಕ್ಕೆ ಲೈಸೆನ್ಸ್ ತೆಗೆದದ್ದು ನೋಡಿ!"

ಹಿಂದೆ ಕೂತೆ. ಮಣ್ಣಿನ ದಾರಿ ಮುಗಿದು ಡಾಮರು ರಸ್ತೆ ಬಂತು. ಎರಡೂ ಬದಿಗೆ ರಬ್ಬರು, ಅದರ ನೆರಳು ರಸ್ತೆಗೆ ಅಡ್ಡಡ್ಡ ಬಿದ್ದು ಬೆಳಕು ಕತ್ತಲೆ ಬೆಳಕು ಕತ್ತಲೆ ಎಂದು ನಮ್ಮ ಮೇಲೆ ಹರಿಯುತ್ತಿತ್ತು. ಮುಂದೆ ಉದ್ದದ ಇಳಿಜಾರು ಕಾಣಿಸಿತು. ನಾನು ಅವರ ಹೆಗಲು ಹಿಡಿದುಕೊಂಡೆ.

"ಹೆದರಿಕೆ ಆಗ್ತದಾ?" ಎಂದು ಗಾಳಿಯಲ್ಲಿ ಕೂಗಿ ಕೇಳಿದರು.

"ಆಗ್ತದೆ ಲಲಿತಕ್ಕ!"

"ನನಗೂ ಆಗ್ತದೆ," ಎಂದು ನಕ್ಕು, ಸ್ಕೂಟರನ್ನು ಇನ್ನೂ ಸ್ವಲ್ಪ ಜೋರು ಬಿಟ್ಟರು.